ಫೈನ್ ಕಟ್ಟಿದರೆ ಮುಗಿಯಿತೇ? ಲೈಸೆನ್ಸ್ ಇಲ್ಲವೆಂದರೆ ಮುಂದೇನು?

ಧಕ್ಕೆಯಲ್ಲಿ ನಸುಕಿಗೆ ಲೋಡ್ ಆಗುವ ಮೀನಿನ ಲಾರಿಗೆ ಡ್ರೈವರ್ ಬಾರದಿದ್ದರೆ ಧನಿ ಕಾಯುವುದಿಲ್ಲ. ಐಸ್ ಕರಗುತ್ತದೆ. ಹತ್ತು ನಿಮಿಷದೊಳಗೆ ಬೇರೆ ಯಾರಿಗಾದರೂ ಫೋನ್ ಹೋಗುತ್ತದೆ, ಬೇರೆ ಯಾರಾದರೂ ಸ್ಟಿಯರಿಂಗ್ ಹಿಡಿಯುತ್ತಾರೆ. ಇಪ್ಪತ್ತೆರಡು ವರ್ಷ ಹೆವಿ ವಾಹನ ಓಡಿಸಿದ ನಮ್ಮ ಕಾಕನೊಬ್ಬರ ಸೀಟು ಕಳೆದ ವರ್ಷ ಹೀಗೆಯೇ ಹೋಯಿತು. ಅಪಘಾತ ಮಾಡಿದ್ದಕ್ಕಲ್ಲ, ಕುಡಿದದ್ದಕ್ಕಲ್ಲ. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕೌಂಟರಿನಲ್ಲಿ, ‘ನಿಮ್ಮ ರೆಕಾರ್ಡ್ ಸರಿ ಇಲ್ಲ, ಆಗುವುದಿಲ್ಲ’ ಎಂದು ಹೇಳಿ ಕಳುಹಿಸಿದ್ದಕ್ಕೆ.

ಹೆಸರು ಬೇಡ ಎಂದಿದ್ದಾರೆ. ಊರಿನ ಹೆಸರೂ ಬೇಡವಂತೆ, ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಆದರೆ ನಡೆದದ್ದನ್ನು ಬರೆಯಿರಿ ಎಂದರು. ‘ನನಗೆ ಆದದ್ದು ಆಯ್ತು ಮಾರಾಯ್ರೆ. ಇನ್ನೊಬ್ಬ ಡ್ರೈವರ್ ಆರು ವಾರ ಬ್ರೋಕರ್ ಹಿಂದೆ ತಿರುಗದಿದ್ದರೆ ಸಾಕು.’

ಬ್ಯಾರಿ ಸಮುದಾಯದಲ್ಲಿ ಚಾಲಕ ವೃತ್ತಿಯನ್ನು ನಂಬಿದ ಮನೆಗಳು ಎಷ್ಟು ಎಂಬ ಲೆಕ್ಕ ನಮ್ಮಲ್ಲಿಲ್ಲ. ಲೆಕ್ಕ ಬೇಕಾಗಿಯೂ ಇಲ್ಲ. ಮೀನಿನ ಲಾರಿ, ಖಾಸಗಿ ಬಸ್ಸು, ಶಾಲೆಯ ವ್ಯಾನು, ಪಿಕಪ್, ರಿಕ್ಷಾ, ಗಲ್ಫಿನಲ್ಲಿ ಹೌಸ್ ಡ್ರೈವರ್... ಯಾವ ಮೊಹಲ್ಲಾಕ್ಕೆ ಹೋದರೂ ನಾಲ್ಕು ಮನೆಗೊಬ್ಬರು ಸಿಗುತ್ತಾರೆ. ಇವರಿಗೆಲ್ಲ ಲೈಸೆನ್ಸ್ ಎಂದರೆ ಪರ್ಸಿನಲ್ಲಿ ಇಡುವ ಕಾರ್ಡ್ ಅಲ್ಲ, ಅಂಗಡಿಯವನಿಗೆ ಅಂಗಡಿ ಇದ್ದ ಹಾಗೆ. ಆ ಅಂಗಡಿ ಮುಚ್ಚಿಸುವ ಅಧಿಕಾರ ಯಾರಿಗೆ ಉಂಟು, ಹೇಗೆ ಮುಚ್ಚಿಸಬೇಕು, ತಪ್ಪಾಗಿ ಮುಚ್ಚಿಸಿದರೆ ಎಲ್ಲಿಗೆ ಹೋಗಬೇಕು ಎನ್ನುವುದು ನಮ್ಮ ಹೆಚ್ಚಿನ ಡ್ರೈವರುಗಳಿಗೆ ಗೊತ್ತಿಲ್ಲ.

ಕಾಕನ ‘ರೆಕಾರ್ಡ್’ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಅವರು ಪೂರ್ತಿ ನಿರಪರಾಧಿ ಎಂದು ತೋರಿಸುವ ಉದ್ದೇಶ ಈ ಲೇಖನಕ್ಕಿಲ್ಲ.

2020ರ ಕೊನೆಯಲ್ಲಿ ಹೆದ್ದಾರಿಯಲ್ಲಿ ಮೊಬೈಲ್ ಕಿವಿಗಿಟ್ಟು ಲಾರಿ ಓಡಿಸುವಾಗ ಸಿಕ್ಕಿಬಿದ್ದರು. ಪೊಲೀಸರು ಲೈಸೆನ್ಸ್ ತೆಗೆದುಕೊಂಡು ಆರ್‌ಟಿಒಗೆ ಕಳುಹಿಸಿದರು. 3 ತಿಂಗಳು ಅಮಾನತು. ಮರುವರ್ಷ ಪೇಟೆಯಲ್ಲಿ ಸ್ಕೂಟರೊಂದಕ್ಕೆ ಲಾರಿ ತಾಗಿತು, ಸವಾರನಿಗೆ ತರಚು ಗಾಯ. ಅಜಾಗರೂಕ ಚಾಲನೆಯ ಕೇಸು. ಕೋರ್ಟಿಗೆ ಹೋಗಿ ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಬಂದರು. 2023ರಲ್ಲಿ ನೆಂಟರ ಮದುವೆಗೆ ಪಿಕಪ್‌ನ ಹಿಂದೆ ಜನ ಕೂರಿಸಿಕೊಂಡು ಹೋಗುವಾಗ ತಡೆದರು. ಮತ್ತೆ 3 ತಿಂಗಳು.

‘ಸ್ಕೂಟರಿನವ ಒಮ್ಮೆಲೇ ಬಲಕ್ಕೆ ಬಂದದ್ದು. ನನ್ನ ತಪ್ಪೇ ಇರಲಿಲ್ಲ. ಆದರೆ ಕೇಸು ನಡೆಸ್ಲಿಕ್ಕೆ ಯಾರಿಗೆ ಪುರುಸೊತ್ತು? ಒಂದು ದಿನ ಕೋರ್ಟಿಗೆ ಹೋದರೆ ಒಂದು ಟ್ರಿಪ್ ಹೋಯ್ತು. ಫೈನ್ ಕಟ್ಟಿದರೆ ಮುಗೀತು ಅಂತ ಎಲ್ಲರೂ ಹೇಳಿದರು. ಕಟ್ಟಿದೆ.’

ಇಲ್ಲಿಯೇ ನಮ್ಮವರು ಎಡವುವುದು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕಾನೂನಿನ ಭಾಷೆಯಲ್ಲಿ ಅದು ಶಿಕ್ಷೆ. ಕೇಸು ಮುಗಿಯಿತು, ನಿಜ. ಆದರೆ ಬರೆದದ್ದು ಅಳಿಯಲಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 21 ನೋಡಿ. ಅಪಾಯಕಾರಿ ಚಾಲನೆಗಾಗಿ (ಅದು ಸೆಕ್ಷನ್ 184) ಈ ಹಿಂದೆ ಶಿಕ್ಷೆಯಾದವನ ಮೇಲೆ ಮುಂದೆ ಇನ್ನೊಂದು ಅಪಘಾತದಲ್ಲಿ ಸಾವು ಅಥವಾ ಗಂಭೀರ ಗಾಯದ ಕೇಸು ದಾಖಲಾದರೆ ಸಾಕು, ತೀರ್ಪಿಗೆ ಕಾಯುವ ಪ್ರಶ್ನೆಯೇ ಇಲ್ಲ, ಆ ವರ್ಗದ ವಾಹನಕ್ಕೆ ಲೈಸೆನ್ಸ್ 6 ತಿಂಗಳು ಅಮಾನತಿನಲ್ಲಿರುತ್ತದೆ. ಅದಕ್ಕೂ ಮೊದಲು ಖುಲಾಸೆಯಾದರೆ ಮಾತ್ರ ಬೇಗ ಬಿಡುಗಡೆ. ಹಿಂದೆ 184ರಲ್ಲಿ ‘ಹೌದು ಸ್ವಾಮಿ’ ಎಂದವನಿಗೆ ಒಂದು ಕಾನೂನು, ಕೇಸು ನಡೆಸಿ ಗೆದ್ದವನಿಗೆ ಇನ್ನೊಂದು.

ರಸ್ತೆಬದಿಯಲ್ಲಿ ಕಟ್ಟುವ ಸ್ಪಾಟ್ ಫೈನಿನ ಕಥೆಯೂ ಬೇರೆಯಲ್ಲ. ಅದು ಸೆಕ್ಷನ್ 200ರ ಅಡಿ ರಾಜಿ ದಂಡ. 2019ರ ತಿದ್ದುಪಡಿಯಲ್ಲಿ ಅದಕ್ಕೆ ಎರಡು ಮಾತು ಸೇರಿಸಿದ್ದಾರೆ. ರಾಜಿಯಾದರೂ ಆ ತಪ್ಪನ್ನು ಮುಂದಿನ ಸಲ ‘ಹಿಂದೆ ಮಾಡಿದ ತಪ್ಪು’ ಎಂದೇ ಎಣಿಸಬೇಕು ಎನ್ನುವುದು ಒಂದು. ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಅಮಾನತಿನ ಕ್ರಮದಿಂದ ಬಿಡುಗಡೆ ಇಲ್ಲ ಎನ್ನುವುದು ಇನ್ನೊಂದು. 2023ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದ್ದು ನೆನಪಿರಬಹುದು. ರಿಯಾಯಿತಿ ಇದ್ದದ್ದು ಹಣದಲ್ಲಿ ಮಾತ್ರ.

ಇದಕ್ಕೊಂದು ವಿನಾಯಿತಿಯೂ ಉಂಟು, ವಕೀಲರೂ ಕೆಲವೊಮ್ಮೆ ಮರೆಯುವಂಥದ್ದು. ಸಣ್ಣ ಅಪರಾಧಗಳಿಗೆ ಕೋರ್ಟಿನಿಂದ ಬರುವ ಸಮನ್ಸಿನಲ್ಲಿ ‘ಇಂತಿಷ್ಟು ಹಣ ಕಳುಹಿಸಿ ಪತ್ರದಲ್ಲೇ ತಪ್ಪೊಪ್ಪಿಕೊಳ್ಳಬಹುದು’ ಎಂದು ಬರೆದಿದ್ದರೆ, ಅದು ಸೆಕ್ಷನ್ 208ರ ದಾರಿ. ಅದರಂತೆ ಹಣ ಕಟ್ಟಿದವನನ್ನು ಆ ತಪ್ಪೊಪ್ಪಿಗೆಯ ಕಾರಣಕ್ಕೆ ಲೈಸೆನ್ಸಿನಿಂದ ಅನರ್ಹಗೊಳಿಸುವ ಹಾಗಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಹಣ ಯಾವ ಸೆಕ್ಷನ್‌ನಲ್ಲಿ ಕಟ್ಟಿದ್ದು ಎನ್ನುವ ರಶೀದಿ ಮುಖ್ಯ. ನಮ್ಮವರು ರಶೀದಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಎಸೆದು ಬಿಸಿಲಿಗೆ ಅಕ್ಷರ ಮಾಸಿದ ಮೇಲೆ ಹುಡುಕುತ್ತಾರೆ.

ಬಾಯಿಮಾತಿನ ‘ಇಲ್ಲ’

ಕಾಕನ ಹೆವಿ ಲೈಸೆನ್ಸ್ 2025ರಲ್ಲಿ ನವೀಕರಣಕ್ಕೆ ಬಂತು. ಸಾರಿಗೆ ವಾಹನದ ಲೈಸೆನ್ಸಿಗೆ ಈಗ 5 ವರ್ಷ ಅವಧಿ. ವೈದ್ಯರ ಸರ್ಟಿಫಿಕೇಟ್ ಮಾಡಿಸಿ, ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಹೋದರು. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು. ಎರಡು ಸಲ ಸಸ್ಪೆಂಡ್ ಆಗಿದೆ, ಕೋರ್ಟ್ ಕೇಸೂ ಉಂಟು, ಆಗುವುದಿಲ್ಲ.

ಹೊರಗೆ ನಿಂತಿದ್ದ ಬ್ರೋಕರ್ ‘ನಾನು ಮಾಡಿಸಿಕೊಡ್ತೇನೆ’ ಎಂದ. ಹಣ ತೆಗೆದುಕೊಂಡ. ಆರು ವಾರ ‘ನಾಳೆ ಬನ್ನಿ’ ಎಂದ. ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿಯಿತು, ಧನಿ ಬೇರೆಯವರನ್ನು ಇಟ್ಟುಕೊಂಡರು. ಧನಿಯದ್ದೂ ತಪ್ಪು ಹೇಳುವ ಹಾಗಿಲ್ಲ. ಲೈಸೆನ್ಸ್ ಇಲ್ಲದವನ ಕೈಗೆ ಲಾರಿ ಕೊಟ್ಟು ಏನಾದರೂ ಆದರೆ, ಇನ್ಶೂರೆನ್ಸ್ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲಕನಿಂದ ವಸೂಲಿ ಮಾಡಲು ಬರುತ್ತದೆ. ಅನರ್ಹತೆಯ ಅವಧಿಯಲ್ಲೇ ಕದ್ದು ಓಡಿಸುವವರೂ ಇದ್ದಾರೆ. ಅವರಿಗೆ ಸೆಕ್ಷನ್ 182ರಲ್ಲಿ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಎರಡೂ ಆಗಬಹುದು.

ಮನೆಯಲ್ಲಿ ಹೆಂಡತಿ ಬೀಡಿ ಕಟ್ಟುತ್ತಾರೆ. ಅದುವರೆಗೆ ಅದು ಮೇಲುಖರ್ಚಿಗೆ ಇದ್ದ ಹಣ, ಆ ತಿಂಗಳುಗಳಲ್ಲಿ ಅದೇ ಅಕ್ಕಿ, ಅದೇ ಕರೆಂಟ್ ಬಿಲ್. ‘ಮಗಳ ಕಾಲೇಜು ಫೀಸಿಗೆ ಜಮಾಅತ್ ಕಮಿಟಿಯವರ ಹತ್ತಿರ ಕೇಳ್ಲಿಕ್ಕೆ ಹೊರಟೆ. ಮಸೀದಿಯ ಗೇಟಿನ ತನಕ ಹೋಗಿ ವಾಪಸ್ ಬಂದೆ’ ಎಂದರು ಕಾಕ. ‘ನಾನು ಕೊಡುವ ಸಾಲಿನಲ್ಲಿ ನಿಂತವ. ಕೇಳುವ ಸಾಲಿನಲ್ಲಿ ನಿಲ್ಲಲು ಕಾಲು ಬರಲಿಲ್ಲ.’

ಜುಮಾ ನಮಾಝ್ ಮುಗಿಸಿ ಹೊರಬರುವಾಗ ಊರಿನದ್ದೇ ಒಬ್ಬ ಹುಡುಗ, ಇತ್ತೀಚೆಗಷ್ಟೇ ವಕೀಲನಾದವ, ವಿಷಯ ಕೇಳಿದನಂತೆ. ಅವನ ಮೊದಲ ಪ್ರಶ್ನೆ, ‘ಕಾಕ, ಇಲ್ಲ ಅಂತ ಹೇಳಿದ್ದಕ್ಕೆ ಕಾಗದ ಎಲ್ಲಿ?’

‘ಕಾಗದ ಎಲ್ಲಿಂದ ಮೋನೇ, ಬಾಯಲ್ಲಿ ಹೇಳಿದ್ದು.’

‘ಹಾಗಾದರೆ ಅವರು ಇನ್ನೂ ಇಲ್ಲ ಅಂತ ಹೇಳಿಯೇ ಇಲ್ಲ.’

ಈ ಒಂದು ಮಾತಿನಲ್ಲಿ ಸೆಕ್ಷನ್ 17 ಪೂರ್ತಿ ಇದೆ. ಲೈಸೆನ್ಸ್ ಕೊಡಲು, ನವೀಕರಿಸಲು ಅಥವಾ ಹೊಸ ವರ್ಗದ ವಾಹನ ಸೇರಿಸಲು ನಿರಾಕರಿಸುವುದಾದರೆ ಅಧಿಕಾರಿ ಅದನ್ನು ಆದೇಶದ ಮೂಲಕವೇ ಮಾಡಬೇಕು, ಕಾರಣವನ್ನು ಬರೆದು ಅರ್ಜಿದಾರನಿಗೆ ತಿಳಿಸಬೇಕು. ಆ ಆದೇಶ ಕೈಗೆ ಬಂದ ದಿನದಿಂದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಅಧಿಕಾರಿ ಎರಡೂ ಕಡೆಯವರನ್ನು ಕೇಳಿಯೇ ತೀರ್ಮಾನಿಸಬೇಕು. ಬಾಯಿಮಾತಿನ ‘ಇಲ್ಲ’ಕ್ಕೆ ಮೇಲ್ಮನವಿ ಇಲ್ಲ. ಹಾಗಾಗಿಯೇ ಕೌಂಟರಿನವರಿಗೆ ಬಾಯಿಮಾತು ಸುಲಭ, ಬ್ರೋಕರನಿಗೆ ಅದೇ ಬಂಡವಾಳ.

ಹುಡುಗ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದುಕೊಟ್ಟ. ನನ್ನ ನವೀಕರಣ ಅರ್ಜಿಯ ಸಂಖ್ಯೆ ಇಂತಿದ್ದು, ದಯವಿಟ್ಟು ನವೀಕರಿಸಿ, ಇಲ್ಲವಾದರೆ ಸೆಕ್ಷನ್ 17ರಂತೆ ಕಾರಣ ಸಹಿತ ಆದೇಶ ಕೊಡಿ. ಇಷ್ಟೇ. ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಂಡರು. ಕೆಲವು ದಿನಗಳಲ್ಲಿ ಉತ್ತರ ಬಂತು. ‘ಈ ಹಿಂದೆ ಅನರ್ಹಗೊಂಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬರ್ಥದ ಎರಡು ಸಾಲು.

‘ಆ ಕಾಗದ ನೋಡಿ ನನಗೆ ಎದೆ ಒಡೆಯಿತು, ಅವನಿಗೆ ಖುಷಿ ಆಯ್ತು’ ಎಂದು ಕಾಕ ಈಗ ನಗುತ್ತಾರೆ.

ಎರಡು ಸಾಲಿನಲ್ಲಿ ಏನಿರಲಿಲ್ಲ?

ಹುಡುಗನ ಖುಷಿಗೆ ಕಾರಣ ಇತ್ತು. ಅನರ್ಹತೆ ಎಂದರೆ ಆದೇಶದಲ್ಲಿ ಬರೆದ ಅವಧಿಗೆ ಮಾತ್ರ. ಕಾಕನ ಎರಡು ಅಮಾನತುಗಳೂ ಮುಗಿದು, ಲೈಸೆನ್ಸ್ ಕೈಗೆ ಬಂದು, ಅವರು ಮತ್ತೆ ಲಾರಿ ಓಡಿಸಿಯೂ ಆಗಿತ್ತು. ಅನುಭವಿಸಿ ಮುಗಿದ ಅಮಾನತು ಇದ್ದರೆ ನವೀಕರಿಸಬಾರದು ಎಂದು ನವೀಕರಣದ ಸೆಕ್ಷನ್ 15ರಲ್ಲಿ ಎಲ್ಲಿಯೂ ಇಲ್ಲ. ಹೊಸ ಲೈಸೆನ್ಸ್ ಕೇಳುವವರಿಗೆ ಸೆಕ್ಷನ್ 9ರಲ್ಲಿ ಒಂದು ತಡೆ ಇದೆ. ರೂಢಿಗತ ಅಪರಾಧಿ, ರೂಢಿಗತ ಕುಡುಕ, ಮಾದಕ ವಸ್ತುವಿನ ಚಟದವ ಅಥವಾ ಹಿಂದೆ ಲೈಸೆನ್ಸ್ ರದ್ದಾದವ ಎಂದು ಕಂಡುಬಂದರೆ ನಿರಾಕರಿಸಬಹುದು. ಅದು ಕೂಡ ಅವನ ಮಾತು ಕೇಳಿದ ಮೇಲೆ, ಕಾರಣ ಬರೆದು. ಇಲ್ಲಿ ‘ರದ್ದು’ ಬೇರೆ, ‘ಅಮಾನತು’ ಬೇರೆ. ಕಾಕನದ್ದು ಎಂದೂ ರದ್ದಾಗಿರಲಿಲ್ಲ.

ಹಾಗಾದರೆ ಆರ್‌ಟಿಒಗೆ ಅಧಿಕಾರವೇ ಇಲ್ಲವೇ? ಇದೆ, ಸಾಕಷ್ಟು ಇದೆ. ಸೆಕ್ಷನ್ 19ರಲ್ಲಿ, ಒಬ್ಬನ ಹಿಂದಿನ ಚಾಲನೆಯ ನಡತೆ ನೋಡಿದರೆ ಜನರಿಗೆ ಅಪಾಯ ಎಂದು ಮನವರಿಕೆಯಾದರೆ ನಿರ್ದಿಷ್ಟ ಅವಧಿಗೆ ಅನರ್ಹಗೊಳಿಸಬಹುದು, ರದ್ದು ಕೂಡ ಮಾಡಬಹುದು. ಕೇಂದ್ರ ನಿಯಮ 21ರಲ್ಲಿ ಸಾರ್ವಜನಿಕರಿಗೆ ಅಪಾಯ ಎನಿಸುವ ಕೃತ್ಯಗಳ ಪಟ್ಟಿಯೇ ಇದೆ. ಓವರ್‌ಲೋಡ್, ಅತಿವೇಗ, ಕುಡಿದು ಓಡಿಸುವುದು, ಮೊಬೈಲ್, ಸರಕಿನ ವಾಹನದಲ್ಲಿ ಜನ ತುಂಬುವುದು, ಪ್ರಯಾಣಿಕರ ಜೊತೆ ಕೆಟ್ಟ ವರ್ತನೆ ಎಲ್ಲವೂ ಅದರಲ್ಲಿ ಬರುತ್ತವೆ. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಅತಿವೇಗ, ಕೆಂಪು ದೀಪ ದಾಟುವುದು, ಮೊಬೈಲ್, ಓವರ್‌ಲೋಡ್ ಮುಂತಾದವುಗಳಿಗೆ ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿದ ಮೇಲೆ ಬಿಗಿ ಹೆಚ್ಚಾಯಿತು. 2019ರ ತಿದ್ದುಪಡಿಯ ಪ್ರಕಾರ ಪೊಲೀಸರು ಕಳುಹಿಸಿದ ಲೈಸೆನ್ಸಿಗೆ ಮೊದಲ ಸಲ 3 ತಿಂಗಳು ಅಮಾನತು, ಎರಡನೆಯ ಸಲ ರದ್ದು. ಕಾಕನ ಎರಡನೆಯ ತಪ್ಪು ಈ ತಿದ್ದುಪಡಿಯ ಸೆಕ್ಷನ್‌ಗಳ ಪಟ್ಟಿಗೆ ಸೇರಿದ್ದಲ್ಲ. ಸೇರಿದ್ದಿದ್ದರೆ ಈ ಲೇಖನದ ದಿಕ್ಕೇ ಬೇರೆಯಾಗುತ್ತಿತ್ತು. ಮೊಬೈಲಿನಲ್ಲಿ ಒಮ್ಮೆ ಸಿಕ್ಕಿದವರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಆದರೆ ಈ ಎಲ್ಲ ಅಧಿಕಾರಕ್ಕೂ ಎರಡು ಬೇಲಿ. ಚಾಲಕನ ಅಹವಾಲು ಕೇಳಬೇಕು. ಕಾರಣವನ್ನು ಬರೆಯಬೇಕು. ಅಧಿಕಾರ ಚಲಾಯಿಸುವವರು ಲೈಸೆನ್ಸಿಂಗ್ ಅಧಿಕಾರಿಯೇ ಆಗಿರಬೇಕು ಎನ್ನುವುದನ್ನೂ ಸೇರಿಸಬಹುದು. ಟ್ರಾಫಿಕ್ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಕಳುಹಿಸಬಹುದೇ ಹೊರತು ತಾವೇ ಅಮಾನತು ಮಾಡುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2022ರಲ್ಲಿ ಹೇಳಿದೆ.

ಮೇಲ್ಮನವಿಯಲ್ಲಿ ಬರೆದದ್ದು ಇದನ್ನೇ. ನನ್ನನ್ನು ಕರೆದು ಕೇಳಲಿಲ್ಲ. ಯಾವ ಸೆಕ್ಷನ್ ಪ್ರಕಾರ ತಿರಸ್ಕಾರ ಎಂದು ಹೇಳಲಿಲ್ಲ. ಅನುಭವಿಸಿ ಮುಗಿದ ಅಮಾನತನ್ನು ಮತ್ತೊಮ್ಮೆ ಶಿಕ್ಷೆಯಾಗಿ ಬಳಸಲಾಗಿದೆ. ಕೊನೆಯಲ್ಲಿ ಹುಡುಗ ಒಂದು ಬುದ್ಧಿವಂತಿಕೆಯ ಸಾಲು ಸೇರಿಸಿದ್ದ: ಅಧಿಕಾರಿಗಳಿಗೆ ಹೆವಿ ವಾಹನದ ಬಗ್ಗೆ ಅನುಮಾನ ಇದ್ದರೆ ಲಘು ವಾಹನಕ್ಕಾದರೂ ತಡೆ ಇರಬಾರದು. ಅನರ್ಹತೆಯನ್ನು ಎಲ್ಲ ವರ್ಗಕ್ಕೂ ಹೇರಬೇಕೆಂದಿಲ್ಲ, ಯಾವುದಾದರೂ ಒಂದು ವರ್ಗಕ್ಕೆ ಮಾತ್ರ ಮಾಡಲೂ ಬರುತ್ತದೆ. ಮತ್ತು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ತೀರ್ಪು ಕೊಟ್ಟಿದೆ. ಲಾರಿ ಇಲ್ಲದಿದ್ದರೂ ಪಿಕಪ್ ಓಡಿಸಿ ಬದುಕಬಹುದು.

ಮೇಲ್ಮನವಿ ಹಾಕಿದ ಕೂಡಲೇ ಲೈಸೆನ್ಸ್ ಸಿಗುವುದಿಲ್ಲ. ಈಗಷ್ಟೇ ಅಮಾನತಾದವರು ಮೇಲ್ಮನವಿಯ ಜೊತೆ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು, ತಾನಾಗಿ ಬರುವುದಿಲ್ಲ. ಇನ್ನೊಂದು ತಪ್ಪು ಕಲ್ಪನೆ ಬಸ್ಸಿನವರಲ್ಲಿ ಹೆಚ್ಚು. ಬೆಂಗಳೂರಿನ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕೆಂದು ತಿಳಿದು ದಿನ ಕಳೆಯುತ್ತಾರೆ. ಅದು ಪರ್ಮಿಟ್ ವಿಷಯಕ್ಕೆ. ಲೈಸೆನ್ಸಿಗೆ ಸಾರಿಗೆ ಇಲಾಖೆಯೊಳಗಿನ ಮೇಲ್ಮನವಿ ಅಧಿಕಾರಿ ಬೇರೆ. 30 ದಿನದಲ್ಲಿ ಹತ್ತು ದಿನ ತಪ್ಪು ಬಾಗಿಲಿನಲ್ಲಿ ನಿಂತರೆ ಕಷ್ಟ.

ಕಾಕನ ಮೇಲ್ಮನವಿಯಲ್ಲಿ ತಿರಸ್ಕಾರದ ಆದೇಶ ಬದಿಗೆ ಸರಿಯಿತು. ಆದರೆ ‘ಲೈಸೆನ್ಸ್ ಕೊಡಿ’ ಎಂದು ಆದೇಶವಾಗಲಿಲ್ಲ. ಅರ್ಜಿದಾರನನ್ನು ಕೇಳಿ, ಕಾನೂನಿನಂತೆ ಹೊಸದಾಗಿ ತೀರ್ಮಾನಿಸಿ ಎಂದು ಫೈಲು ಹಿಂದಕ್ಕೆ ಹೋಯಿತು. ಹೈಕೋರ್ಟಿಗೆ ರಿಟ್ ಹಾಕಿದರೂ ಸಾಮಾನ್ಯವಾಗಿ ಸಿಗುವುದು ಇದೇ. ಸಂವಿಧಾನದ 226ನೇ ವಿಧಿಯಡಿ ಕೋರ್ಟು ನೋಡುವುದು ನೀವು ಒಳ್ಳೆಯ ಡ್ರೈವರ್ ಹೌದೋ ಅಲ್ಲವೋ ಎನ್ನುವುದನ್ನಲ್ಲ, ಅಧಿಕಾರಿ ತೀರ್ಮಾನಿಸಿದ ರೀತಿ ಸರಿಯೇ ಎನ್ನುವುದನ್ನು. ಜೀವನೋಪಾಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅದಕ್ಕಿಂತಲೂ ಉಪಯೋಗಕ್ಕೆ ಬರುವುದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ತೀರ್ಪು. ಆದೇಶದಲ್ಲಿ ಇಲ್ಲದ ಕಾರಣವನ್ನು ಅಧಿಕಾರಿಗಳು ಆಮೇಲೆ ಕೋರ್ಟಿಗೆ ಬಂದು ಅಫಿಡವಿಟ್‌ನಲ್ಲಿ ಸೇರಿಸುವ ಹಾಗಿಲ್ಲ ಎನ್ನುತ್ತದೆ ಅದು. ಎರಡು ಸಾಲಿನ ಆದೇಶ ಬರೆದವರು ಆ ಎರಡು ಸಾಲಿನ ಮೇಲೆಯೇ ನಿಲ್ಲಬೇಕು.

ನಮ್ಮ ಜಿಲ್ಲೆಯವರಿಗೆ ಹೈಕೋರ್ಟ್ ಎಂದರೆ ಘಾಟಿ ಹತ್ತಿ ಬೆಂಗಳೂರು. ಧಾರವಾಡ, ಕಲಬುರಗಿಗೆ ಪೀಠ ಬಂದಿದೆ, ಮಂಗಳೂರಿಗೆ ಬೇಕೆಂಬ ಬೇಡಿಕೆ ಬೇಡಿಕೆಯಾಗಿಯೇ ಉಳಿದಿದೆ. ಕೆಲಸ ಇಲ್ಲದ ಡ್ರೈವರಿಗೆ ಆ ಖರ್ಚು ಸಣ್ಣದಲ್ಲ. ಆದಾಯ ಮಿತಿಯೊಳಗೆ ಇರುವವರಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಹೊಸ ವಿಚಾರಣೆಯ ದಿನ ಕಾಕನನ್ನು ಅಧಿಕಾರಿ ಕೂರಿಸಿ ಕೇಳಿದರಂತೆ, ಪಿಕಪ್‌ನಲ್ಲಿ ಎಷ್ಟು ಜನ ಇದ್ದರು?

‘ಸುಳ್ಳು ಹೇಳಬಾರದು ಅಂತ ಹೇಳಿದೆ, ಮಕ್ಕಳು ಸೇರಿ ಹದಿನಾಲ್ಕು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಅದು ಮಗುಚಿದ್ದರೆ? ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.’

ನನಗೆ ಈ ಪ್ರಶ್ನೆ ನ್ಯಾಯವಾದದ್ದೇ ಅನಿಸಿತು. ಇದನ್ನು ಮೊದಲ ದಿನವೇ ಕೇಳಬೇಕಿತ್ತು ಎನ್ನುವುದಷ್ಟೇ ನಮ್ಮ ತಕರಾರು. ಮದುವೆ, ಉರೂಸ್ ಎಂದರೆ ಪಿಕಪ್‌ನ ಹಿಂದೆ ಜನ ತುಂಬುವುದು ನಮ್ಮಲ್ಲಿ ಮರ್ಯಾದೆಯ ಮಾತಾಗಿದೆ. ‘ಆಗುವುದಿಲ್ಲ’ ಎಂದ ಡ್ರೈವರನಿಗೆ ಅಹಂಕಾರಿ ಎಂದು ಹೆಸರು. ಲೈಸೆನ್ಸ್ ಹೋಗುವುದು ಮಾತ್ರ ಅವನದ್ದು, ಕೂತವರದ್ದಲ್ಲ.

ಗಲ್ಫಿನಲ್ಲಿರುವ ಓದುಗರಿಗೆ ಒಂದು ಮಾತು. ಯುಎಇಯಲ್ಲಿ 24 ಬ್ಲ್ಯಾಕ್ ಪಾಯಿಂಟ್ ತುಂಬಿದರೆ ಮೊದಲ ಸಲ 3 ತಿಂಗಳು, ಎರಡನೆಯ ಸಲ 6 ತಿಂಗಳು ಲೈಸೆನ್ಸ್ ಹೋಗುತ್ತದೆ. ಅಲ್ಲಿ ಎಷ್ಟು ಪಾಯಿಂಟ್ ಆಯಿತೆಂದು ದಿನಾ ಫೋನಿನಲ್ಲಿ ನೋಡುವ ಹುಡುಗರು ಊರಿಗೆ ಬಂದು ಗಾಡಿ ಓಡಿಸುವಾಗ ಇಲ್ಲಿನ ಚಲನ್ ನೋಡುವುದೇ ಇಲ್ಲ. ಇಲ್ಲಿಯೂ ಎಲ್ಲ ಪರಿವಾಹನ್ ತಾಣದಲ್ಲಿ ಕಾಣುತ್ತದೆ. ಲೈಸೆನ್ಸಿಗೆ ಸೇರಿಸಿದ ಮೊಬೈಲ್ ನಂಬರ್ ನಿಮ್ಮದೇ ಹೌದೋ ಎಂದು ನೋಡಿ. ಬ್ರೋಕರನ ನಂಬರ್ ಇದ್ದರೆ ನೋಟಿಸಿನ ಮೆಸೇಜ್ ಅವನಿಗೆ ಹೋಗುತ್ತದೆ. ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದರೆ ನವೀಕರಣಕ್ಕೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು ಎನ್ನುವುದೂ ನೆನಪಿರಲಿ.

ಕಾಕನಿಗೆ ಲೈಸೆನ್ಸ್ ಸಿಕ್ಕಿತು. ಮೊದಲು ಕೌಂಟರಿಗೆ ಹೋದ ದಿನದಿಂದ ಲೆಕ್ಕ ಹಾಕಿದರೆ ಐದು ತಿಂಗಳು ಚಿಲ್ಲರೆ ದಿನ. ಹಳೆಯ ಧನಿಯ ಲಾರಿಯಲ್ಲಿ ಈಗ ಬೇರೆ ಹುಡುಗ ಇದ್ದಾನೆ, ‘ಅವನಿಗೂ ಹೊಟ್ಟೆ ಉಂಟಲ್ವಾ’ ಎಂದು ಕಾಕ ಅಲ್ಲಿ ಕೇಳಲು ಹೋಗಲಿಲ್ಲ. ಈಗ ಬೇರೆಯವರ ಲಾರಿಯಲ್ಲಿ, ಸ್ವಲ್ಪ ಕಡಿಮೆ ಭತ್ತೆಗೆ, ಕೇರಳದ ಕಡೆಗೆ ಹೋಗುತ್ತಾರೆ.

ದಾಖಲೆಯ ಕಲೆ ಇನ್ನೂ ಇದೆ. ಅದನ್ನು ತೆಗೆಯಲೂ ಕಾಯ್ದೆಯಲ್ಲಿ ದಾರಿ ಇದೆ, ಸೆಕ್ಷನ್ 25. ಕೊನೆಯ ಷರಾ ಬಿದ್ದ ಮೇಲೆ ಸತತ 3 ವರ್ಷ ಹೊಸದೇನೂ ಬೀಳದಿದ್ದರೆ ಹಳೆಯ ಲೈಸೆನ್ಸ್ ಒಪ್ಪಿಸಿ ಷರಾ ಇಲ್ಲದ ಹೊಸದನ್ನು ಕೇಳಬಹುದು. ಅತಿವೇಗದ ಷರಾ ಮಾತ್ರ ಇದ್ದವರಿಗೆ 1 ವರ್ಷ ಸಾಕು. ಅನರ್ಹವಾಗಿದ್ದ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಕಾಯ್ದೆಯಲ್ಲಿ ಬರೆದ ಶುಲ್ಕ 5 ರೂಪಾಯಿ. ಕಾಕನಿಗೆ ಕೊನೆಯ ಷರಾ ಬಿದ್ದದ್ದು 2023ರ ಆಗಸ್ಟ್‌ನಲ್ಲಿ. ಅಮಾನತಿನ 3 ತಿಂಗಳು ಸೇರಿಸಿದರೆ 2026ರ ನವೆಂಬರ್. ಆ ತಿಂಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ, ಸೀಲು ಬಿದ್ದ ಅರ್ಜಿಯ ನಕಲು, ಎರಡು ಸಾಲಿನ ಆದೇಶ, ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವರ ಸೀಟಿನ ಹಿಂದೆ ಇವೆ.